ಒಂಬತ್ತು ಗೆಲುವಿಗೆ ಕೊಟ್ಟ ಹುಡುಗ

ಡೆಟ್ರಾಯಿಟ್‌ಗೆ ಬಂದ ಹೊಸದರಲ್ಲಿ ಬೇಸ್‌ಬಾಲ್ ಎಂದರೆ ನನಗೆ ಬರೀ ಫುಲ್‌ಟಾಸ್ ಹಾಕುವ ಕ್ರಿಕೆಟ್. ಪಕ್ಕದ ಮನೆಯ ಅಜ್ಜ ಸಂಜೆಯಾದರೆ ಜಗಲಿಯಲ್ಲಿ ರೇಡಿಯೊ ಹಚ್ಚಿಕೊಂಡು ಕೂರುತ್ತಿದ್ದರು. ಹತ್ತರಲ್ಲಿ ಮೂರು ಸಲ ಹಿಟ್ ಗಿಟ್ಟಿಸಿದರೆ ಅವನೇ ಶೂರ ಅಂತ ಹೇಳಿಕೊಟ್ಟವರು ಅವರೇ. ಮಿಕ್ಕ ಏಳು ಸೋಲು ಮಾಮೂಲು. ಅವು ಒಟ್ಟಿಗೇ ಸಾಲುಗಟ್ಟಿ ಬಂದರೆ ಅದಕ್ಕೆ ‘ಸ್ಲಂಪ್’ ಅನ್ನುತ್ತಾರೆ. 1952ರ ವರ್ಲ್ಡ್ ಸೀರೀಸ್‌ನಲ್ಲಿ ಬ್ರೂಕ್ಲಿನ್‌ನ ಗಿಲ್ ಹಾಡ್ಜಸ್‌ಗೆ 21 ಯತ್ನಗಳಲ್ಲಿ ಒಂದೂ ಹಿಟ್ ದಕ್ಕಲಿಲ್ಲ. ಸಾಧಾರಣ ಆಟಗಾರನೇನಲ್ಲ ಆತ.

ಅಜ್ಜನ ಹಳೇ ಗಾಯ ಮಾತ್ರ ಬೇರೆ, ಆಟಗಾರರ ಒಂದು ಅದಲುಬದಲಿನದು. 1987ರ ಆಗಸ್ಟ್ 12ರಂದು ಡೆಟ್ರಾಯಿಟ್‌ನ ಟೈಗರ್ಸ್ ತಂಡ ಅಟ್ಲಾಂಟಾ ತಂಡದಿಂದ ಡಾಯ್ಲ್ ಅಲೆಕ್ಸಾಂಡರ್‌ನನ್ನು ತಂದಿತು. ವಯಸ್ಸು 36, ಪಳಗಿದ ಪಿಚರ್, ಅಂದರೆ ಚೆಂಡೆಸೆಯುವವನು. ಬದಲಿಗೆ ಕೊಟ್ಟದ್ದು ಜಾನ್ ಸ್ಮೋಲ್ಟ್ಜ್ ಎಂಬ 20ರ ಹುಡುಗನನ್ನು. ಮಿಷಿಗನ್‌ನಲ್ಲೇ ಹುಟ್ಟಿ, ಟೈಗರ್ಸ್ ಅಂದರೆ ಜೀವ ಬಿಡುತ್ತಾ ಬೆಳೆದವನು. ಆ ವರ್ಷ ಕೆಳಹಂತದ ಲೀಗ್‌ನಲ್ಲಿ 4 ಗೆದ್ದು 10 ಸೋತಿದ್ದ.

ಅಲೆಕ್ಸಾಂಡರ್ 11 ಪಂದ್ಯ ಆರಂಭಿಸಿ 9 ಗೆದ್ದ, ಒಂದೂ ಸೋಲಲಿಲ್ಲ. ಋತುವಿನ ಕೊನೆಯ ದಿನ ಟೊರಾಂಟೊವನ್ನು 1–0ರಿಂದ ಮಣಿಸಿ ಟೈಗರ್ಸ್ ವಿಭಾಗ ಗೆದ್ದಿತು. ಮುಂದಿನ ಸುತ್ತಿನಲ್ಲೇ ಮಿನೆಸೋಟಾ ಮನೆಗೆ ಕಳಿಸಿತು, ಆ ಮಾತು ಬಿಡಿ. ಅತ್ತ ಸ್ಮೋಲ್ಟ್ಜ್ 213 ಪಂದ್ಯ ಗೆದ್ದು, 154 ಪಂದ್ಯ ಉಳಿಸಿ, 2015ರಲ್ಲಿ ಹಾಲ್ ಆಫ್ ಫೇಮ್ ಸೇರಿದ.

ಅಜ್ಜ ಇವತ್ತಿಗೂ ಹಲ್ಲು ಕಡಿಯುತ್ತಾರೆ. ನಾನಾಗಿದ್ದರೂ ಆ ಆಗಸ್ಟ್‌ನಲ್ಲಿ ಅದೇ ಕಾಗದಕ್ಕೆ ಸಹಿ ಹಾಕುತ್ತಿದ್ದೆ.