72 ಗಂಟೆಯ ಮಾತ್ರೆ, ಹದಿಹರೆಯದ ಪ್ರಶ್ನೆ

1930ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತು. ಸರ್ಕಾರವೇ ನಡೆಸಿದ ಇಂಥ ಕ್ಲಿನಿಕ್‌ಗಳಲ್ಲಿ ಜಗತ್ತಿಗೇ ಮೊದಲನೆಯವು ಎಂಬ ಹೆಸರು ಇವಕ್ಕಿದೆ. ಆದರೆ 2007ರಲ್ಲಿ ಶಾಲೆಗಳಿಗೆ ಹದಿಹರೆಯದ ಶಿಕ್ಷಣ ಬರಬೇಕೆಂದಾಗ ಅದನ್ನು ತಡೆಹಿಡಿದ ರಾಜ್ಯಗಳಲ್ಲಿ ಕರ್ನಾಟಕವೂ ಸೇರಿತ್ತು. ಅದೇ ವರ್ಷ ತುರ್ತು ಗರ್ಭನಿರೋಧಕ ಮಾತ್ರೆ ಐ-ಪಿಲ್ ಮಾರುಕಟ್ಟೆಗೆ ಬಂತು. ತರಗತಿಯಲ್ಲಿ ಯಾರೂ ಹೇಳದ್ದನ್ನು ಟಿ.ವಿ. ಜಾಹೀರಾತು ಅರ್ಧಂಬರ್ಧ ಹೇಳಿತು. ಆ ಅರ್ಧವೇ ಇವತ್ತಿಗೂ ನಮ್ಮ ಕಾಲೇಜು ಮಕ್ಕಳ ತಲೆಯಲ್ಲಿ ಉಳಿದಿದೆ ಎಂಬುದು ನನ್ನ ಆತಂಕ.

ಆ ಮಾತ್ರೆಯಲ್ಲಿರುವುದು 1.5 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಎಂಬ ಹಾರ್ಮೋನು. ಅಂಡಾಶಯದಿಂದ ಅಂಡಾಣು ಹೊರಬರುವುದನ್ನು ಅದು ಮುಂದೂಡುತ್ತದೆ. ಅಂಡಾಣು ಆಗಲೇ ಬಿಡುಗಡೆಯಾಗಿದ್ದರೆ ಹೆಚ್ಚೇನೂ ಮಾಡಲಾಗದು. ಆದ್ದರಿಂದಲೇ ರಕ್ಷಣೆಯಿಲ್ಲದ ಲೈಂಗಿಕ ಸಂಪರ್ಕವಾದ 72 ಗಂಟೆಯೊಳಗೆ, ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ನುಂಗಬೇಕು. ಇದು ಗರ್ಭಪಾತದ ಮಾತ್ರೆಯಲ್ಲ; ನಿಂತ ಗರ್ಭವನ್ನು ತೆಗೆಯುವುದಿಲ್ಲ. ಪ್ರತಿ ಸಲಕ್ಕೂ ಇದನ್ನೇ ನೆಚ್ಚಿಕೊಂಡರೆ ಮುಟ್ಟಿನ ಲೆಕ್ಕ ಏರುಪೇರಾಗುತ್ತದೆ, ರಕ್ಷಣೆಯೂ ಸಾಲದು. ಮುಟ್ಟು ವಾರಕ್ಕಿಂತ ತಡವಾದರೆ ಗರ್ಭಪರೀಕ್ಷೆ ಮಾಡಿಸಿಕೊಳ್ಳಲೇಬೇಕು.

ಗರ್ಭ ನಿಲ್ಲದ ‘ಸೇಫ್ ದಿನ’ಗಳಿವೆ ಎಂಬ ನಂಬಿಕೆಯೂ ಅಷ್ಟೇ ಅಪಾಯದ್ದು. ಅಂಡಾಣು ಬದುಕುವುದು ಹೆಚ್ಚೆಂದರೆ ಒಂದು ದಿನ, ಆದರೆ ವೀರ್ಯಾಣು ಹೆಣ್ಣಿನ ದೇಹದೊಳಗೆ ಐದು ದಿನದವರೆಗೂ ಇರಬಲ್ಲದು. ಅಂಡಾಣು ಹೊರಬರುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. ಆ ಮುಂದಿನ ಮುಟ್ಟು ಯಾವಾಗೆಂದು ಹದಿನಾರರ ಹುಡುಗಿ ಹೇಳುವುದು ಹೇಗೆ? ಮೈನೆರೆದ ಮೊದಲ ಕೆಲವು ವರ್ಷ ಮುಟ್ಟು ಹಿಂದುಮುಂದಾಗುವುದು ಸಹಜ.

ಗರ್ಭ, ಎಚ್‌ಐವಿ, ಇತರ ಲೈಂಗಿಕ ಸೋಂಕು ಎಲ್ಲವನ್ನೂ ಒಟ್ಟಿಗೆ ತಡೆಯುವ ಸಾಧನ ಕಾಂಡೋಮ್. ಸರ್ಕಾರ ‘ನಿರೋಧ್’ ಹೆಸರಿನಲ್ಲಿ ಅದನ್ನು ಹಂಚತೊಡಗಿದ್ದು 1968ರಲ್ಲಿ. ಗಂಡುಮಕ್ಕಳಿಗೆ ಇದನ್ನು ಬಿಡಿಸಿ ಹೇಳುವ ಅಪ್ಪಂದಿರು, ಮೇಷ್ಟರುಗಳು ಬೇಕು. ಹೊಣೆಯೆಲ್ಲ ಹುಡುಗಿಯದೇ ಎಂದು ಬಿಟ್ಟುಬಿಡುವುದು ಅನ್ಯಾಯ.

ಇದರ ನಡುವೆ ಕಾನೂನಿನ ಭಯ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ತುಂಬದವರೊಂದಿಗಿನ ಲೈಂಗಿಕ ಸಂಪರ್ಕ ಅಪರಾಧ, ಗೊತ್ತಾದರೆ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ಹಾಗಾಗಿ ಹೆದರಿದ ಹುಡುಗಿ ಡಾಕ್ಟರ ಬಳಿ ಹೋಗದೆ, ಯಾರಿಂದಲೋ ಗರ್ಭಪಾತದ ಮಾತ್ರೆ ತರಿಸಿ ಗುಟ್ಟಾಗಿ ನುಂಗುತ್ತಾಳೆ. ಗರ್ಭ ಅಂಡನಾಳದಲ್ಲಿ ನಿಂತಿದ್ದರೆ, ಇಲ್ಲವೇ ರಕ್ತಸ್ರಾವ ನಿಲ್ಲದಿದ್ದರೆ ಜೀವಕ್ಕೇ ಕುತ್ತು. ಗರ್ಭಪಾತಕ್ಕೆ ಬಂದ ಹುಡುಗಿ ಮತ್ತು ಪೋಷಕರು ಕೋರಿದರೆ ವೈದ್ಯರು ಪೊಲೀಸರಿಗೆ ಅವಳ ಗುರುತು ಹೇಳಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಇದು ಮನೆಮನೆಗೂ ತಿಳಿಯಬೇಕಾದ ಸುದ್ದಿ.

ಸರ್ಕಾರಿ ಆಸ್ಪತ್ರೆಗಳಲ್ಲಿ 10ರಿಂದ 19 ವಯಸ್ಸಿನವರಿಗೆಂದೇ ‘ಸ್ನೇಹಾ ಕ್ಲಿನಿಕ್’ಗಳಿವೆ. ಮುಟ್ಟಿನ ತೊಂದರೆ, ಸೋಂಕು, ಗರ್ಭನಿರೋಧಕ, ಮನಸ್ಸಿನ ಕಳವಳ ಏನನ್ನಾದರೂ ಅಲ್ಲಿನ ಆಪ್ತಸಮಾಲೋಚಕರಲ್ಲಿ ಕೇಳಬಹುದು; ದುಡ್ಡು ಕೊಡಬೇಕಿಲ್ಲ. ಮೈಸೂರಿನ ಪ್ರತಿ ಪಿಯು ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಆ ಕ್ಲಿನಿಕ್ಕಿನ ವಿಳಾಸ, ವೇಳೆ ಬರೆದಿರಲಿ. ಆ ವೇಳೆ ಕಾಲೇಜು ಬಿಟ್ಟ ಮೇಲಿನದಾಗಿರಲಿ.