ಬೇರು ಮತ್ತು ಬಾರುಕೋಲು

ದಲಿತ ಸಾಹಿತ್ಯದ ಚರ್ಚೆ ಬಂದಾಗಲೆಲ್ಲ ಅಮೆರಿಕದ ಕಪ್ಪು ಜನರ ಮಾತು ಬರುತ್ತದೆ. 1972ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ತನ್ನ ಹೆಸರನ್ನೇ ಅಲ್ಲಿನ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ ಪಡೆಯಿತು. ಅದಕ್ಕೂ ಸುಮಾರು ನೂರು ವರ್ಷ ಮೊದಲು, 1873ರಲ್ಲಿ, ಜೋತಿಬಾ ಫುಲೆ ತಮ್ಮ 'ಗುಲಾಮಗಿರಿ'ಯನ್ನು ಗುಲಾಮ ಪದ್ಧತಿಯ ವಿರುದ್ಧ ನಿಂತ ಅಮೆರಿಕದ ಜನರಿಗೆ ಅರ್ಪಿಸಿದ್ದರು. ಆದರೆ ನಾವು ಅಲ್ಲಿಂದ ತಂದುಕೊಂಡದ್ದು ಹೆಚ್ಚಾಗಿ ಸಿಟ್ಟು, ಘೋಷಣೆ ಮತ್ತು ಸಂಘಟನೆಯ ಮಾದರಿ. ಆ ಜನ ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದ ಬೇರಿನ ಬಗ್ಗೆ ನಾವು ಮಾತಾಡಿದ್ದು ಕಡಿಮೆ. ಮಾತಾಡಿದರೂ 'ಮೂಢನಂಬಿಕೆ' ಅಂತ ಒಂದೇ ಪದದಲ್ಲಿ ಮುಗಿಸಿಬಿಡುತ್ತೇವೆ. ಆ ಪದ ಸಾಕೇ ಎಂಬುದು ಈ ಲೇಖನದ ಪ್ರಶ್ನೆ.

ಮೊದಲು ಬೇರಿನ ವಿಷಯ. ಅಮೆರಿಕದ ದಕ್ಷಿಣ ರಾಜ್ಯಗಳ ಗುಲಾಮರ ನಡುವೆ ಬೆಳೆದ ಮದ್ದು-ಮಾಟದ ಪದ್ಧತಿಗೆ ಹೂಡೂ ಎಂದು ಹೆಸರು. 'ಬೇರಿನ ಕೆಲಸ' ಅಂತಲೂ ಕರೆಯುತ್ತಾರೆ. ಇದು ಹೈಟಿಯ ವೋಡೂ ಧರ್ಮ ಅಲ್ಲ. ಹೂಡೂಗೆ ಗುಡಿಯಿಲ್ಲ, ಪೂಜಾರಿ ವರ್ಗವಿಲ್ಲ. ಆಫ್ರಿಕದ ನೆನಪು, ಅಲ್ಲಿನ ಮೂಲನಿವಾಸಿಗಳ ಗಿಡಮೂಲಿಕೆಯ ತಿಳಿವು, ಬೈಬಲ್ಲಿನ ಕೀರ್ತನೆ ಎಲ್ಲ ಅದರಲ್ಲಿ ಬೆರೆತಿವೆ. ಭಾನುವಾರ ಚರ್ಚಿಗೆ ಹೋಗುವವರೇ ಸೋಮವಾರ ಬೇರು ಕಟ್ಟಿಕೊಳ್ಳುತ್ತಿದ್ದರು.

ಈ ಬೇರುಗಳಲ್ಲಿ ಹೆಸರಾದದ್ದು 'ಹೈ ಜಾನ್ ದಿ ಕಾಂಕರರ್', ಅಂದರೆ ಗೆಲ್ಲುವ ಜಾನ್. ಬೇರೆ ಬೇರೆ ಗಿಡಗಳಿಗೂ ಈ ಹೆಸರು ಇದ್ದದ್ದುಂಟು. ಇಂದು ಹೆಚ್ಚಾಗಿ ಈ ಹೆಸರಿನಲ್ಲಿ ಮಾರುವುದು ಮೆಕ್ಸಿಕೊ ಮೂಲದ ಜಲಪ್ ಎಂಬ ಬಳ್ಳಿಯ ಗೆಡ್ಡೆಯನ್ನು. ನಾವು ಬೇಯಿಸಿ ತಿನ್ನುವ ಸಿಹಿಗೆಣಸಿನ ಕುಲದ್ದೇ. ಆದರೆ ಇದನ್ನು ತಿನ್ನೋ ಹಾಗಿಲ್ಲ. ಹೊಟ್ಟೆಗೆ ಹೋದರೆ ಜೋರು ಭೇದಿ. ಆದ್ದರಿಂದ ಮೈಮೇಲೆ ಇಟ್ಟುಕೊಳ್ಳುವುದು ಪದ್ಧತಿ. ಸುಕ್ಕುಸುಕ್ಕಾದ, ಕಪ್ಪಗಿನ ಇಡೀ ಗೆಡ್ಡೆಯನ್ನು ಕೆಂಪು ಫ್ಲಾನಲ್ ಬಟ್ಟೆಯ ಚೀಲದಲ್ಲಿ ಕಟ್ಟುತ್ತಾರೆ. ಈ ಚೀಲಕ್ಕೆ ಮೋಜೊ ಎಂದು ಹೆಸರು. ನಮ್ಮ ತಾಯ್ತದ ಹಾಗೆ. ಆಗಾಗ ಎಣ್ಣೆಯನ್ನೋ ವಿಸ್ಕಿಯನ್ನೋ ಸವರಿ ಅದಕ್ಕೆ 'ಉಣಿಸುತ್ತಾರೆ'. ಧಣಿಯ ಕೋಪ, ಜೂಜು, ಪ್ರೇಮ, ಕೆಲಸ ಎಲ್ಲಕ್ಕೂ ಇದೇ. ಜಾನ್‌ನ ಹೆಸರಿನಲ್ಲೇ ಇನ್ನೊಂದು ಬೇರಿದೆ, ಶುಂಠಿಯ ಜಾತಿಯದು. ಅದನ್ನು ಮಾತ್ರ ಅಗಿಯುತ್ತಾರೆ. ಕೋರ್ಟಿನಲ್ಲಿ ಕೇಸು ಇದ್ದವರು ಅಗಿದು ಅದರ ರಸವನ್ನು ಅಲ್ಲೇ ಉಗುಳುವುದು ರೂಢಿ. ಕೋರ್ಟು ಯಾರ ಪರ ಇತ್ತು ಅನ್ನೋದನ್ನು ನೆನೆದರೆ ಆ ಉಗುಳಿನ ಅರ್ಥ ಆಗುತ್ತದೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. 1793ರಲ್ಲಿ ಫಿಲಡೆಲ್ಫಿಯಾಕ್ಕೆ ಹಳದಿ ಜ್ವರ ಬಂದಾಗ ಬೆಂಜಮಿನ್ ರಷ್ ಎಂಬ ಹೆಸರಾಂತ ಬಿಳಿಯ ವೈದ್ಯ ರೋಗಿಗಳಿಗೆ ಕೊಟ್ಟದ್ದು ಪಾದರಸದ ಪುಡಿ ಮತ್ತು ಇದೇ ಜಲಪ್. ಜೊತೆಗೆ ರಕ್ತ ಬೇರೆ ತೆಗೆಯುತ್ತಿದ್ದ. ಆ ಚಿಕಿತ್ಸೆಯಿಂದ ಹಾನಿಯೇ ಹೆಚ್ಚು ಎಂಬುದು ಇಂದಿನ ವೈದ್ಯದ ಅಭಿಪ್ರಾಯ. ಆದರೂ ಅದು ಚರಿತ್ರೆಯಲ್ಲಿ ದಾಖಲಾದದ್ದು ವೈದ್ಯಶಾಸ್ತ್ರವೆಂದೇ. ಇನ್ನೊಂದು ಕಡೆ, ಗುಲಾಮರು ಅಪ್ಪಣೆಯಿಲ್ಲದೆ ಔಷಧಿ ಕೊಟ್ಟರೆ ಮರಣದಂಡನೆ ಎಂದು ವರ್ಜೀನಿಯಾ 1748ರಲ್ಲಿ ಕಾನೂನು ಮಾಡಿತ್ತು. 1751ರಲ್ಲಿ ದಕ್ಷಿಣ ಕೆರೊಲಿನಾ, ವಿಷದ ಬೇರು-ಗಿಡಗಳ ತಿಳಿವನ್ನು ಒಬ್ಬ ಗುಲಾಮ ಇನ್ನೊಬ್ಬನಿಗೆ ಹೇಳಿಕೊಡುವುದನ್ನೇ ಅಪರಾಧ ಮಾಡಿತು. ಬೇರಿನಲ್ಲಿ ಏನೂ ಇಲ್ಲ ಅಂತ ಧಣಿಗಳು ನಿಜವಾಗಿ ನಂಬಿದ್ದರೆ ಕಾನೂನು ಯಾಕೆ ಬೇಕಿತ್ತು? ಯಾವುದು ಶಾಸ್ತ್ರ, ಯಾವುದು ಮಾಟ ಅನ್ನೋ ತೀರ್ಮಾನದಲ್ಲಿ ಕೈ ಯಾರದು ಅನ್ನೋದೂ ಸೇರಿಕೊಂಡಿರುತ್ತದೆ. ಅಕ್ಷರವನ್ನು ಜಾತಿಯಿಂದ ಅಳೆದ ನಾಡಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಬೇರು ಸಾಹಿತ್ಯದಲ್ಲಿ ದೊಡ್ಡದಾಗಿ ಕಾಣಿಸಿಕೊಂಡದ್ದು ಫ್ರೆಡರಿಕ್ ಡಗ್ಲಾಸ್‌ನ 1845ರ ಆತ್ಮಕಥನದಲ್ಲಿ. 1834ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಅವನನ್ನು ಮೇರಿಲ್ಯಾಂಡಿನ ಎಡ್ವರ್ಡ್ ಕೋವಿಯ ಹೊಲಕ್ಕೆ ಬಾಡಿಗೆಗೆ ಕಳಿಸಿದರು. ಗುಲಾಮರ ಹುಮ್ಮಸ್ಸು ಮುರಿಯೋದರಲ್ಲಿ ಕೋವಿ ಹೆಸರುವಾಸಿ. ಆಗಸ್ಟ್ ತಿಂಗಳಲ್ಲಿ ಹೊಡೆತ ತಾಳಲಾರದೆ ಧಣಿಯ ಹತ್ತಿರ ದೂರು ಕೊಟ್ಟ. ಧಣಿ ವಾಪಸು ಅಟ್ಟಿದ. ಕಾಡಿನಲ್ಲಿ ಅಡಗಿದ್ದವನಿಗೆ ಸಿಕ್ಕವನು ಸ್ಯಾಂಡಿ ಜೆಂಕಿನ್ಸ್, ಅವನೂ ಗುಲಾಮನೇ. ಈ ಬೇರನ್ನು ಯಾವಾಗಲೂ ಬಲಗಡೆ ಇಟ್ಟುಕೋ, ಯಾವ ಬಿಳಿಯನೂ ನಿನ್ನನ್ನು ಹೊಡೆಯಲಾರ ಅಂದ. ಡಗ್ಲಾಸ್‌ಗೆ ನಂಬಿಕೆಯಿರಲಿಲ್ಲ. 1855ರ ಎರಡನೆಯ ಆತ್ಮಕಥನದಲ್ಲಿ ಸ್ಯಾಂಡಿಯ ವಾದವನ್ನೂ ಬರೆಯುತ್ತಾನೆ: ನಿನ್ನ ಓದು ಕೋವಿಯನ್ನು ತಡೆಯಲಿಲ್ಲವಲ್ಲ! ಆ ಹೊತ್ತಿನಲ್ಲಿ ಅದಕ್ಕೆ ಅವನ ಬಳಿ ಉತ್ತರವಿರಲಿಲ್ಲ.

ಭಾನುವಾರ ಕೋವಿ ನಯವಾಗಿ ಮಾತಾಡಿಸಿದ. ಸೋಮವಾರ ಕೊಟ್ಟಿಗೆಯಲ್ಲಿ ಕಾಲಿಗೆ ಹಗ್ಗ ಹಾಕಲು ಬಂದ. ಡಗ್ಲಾಸ್ ಅವನ ಗಂಟಲು ಹಿಡಿದ. ಸುಮಾರು ಎರಡು ಗಂಟೆ ಹೋರಾಟ. ಆಮೇಲೆ ಅಲ್ಲಿದ್ದ ಆರು ತಿಂಗಳೂ ಕೋವಿ ಅವನ ಮೈಮುಟ್ಟಲಿಲ್ಲ.

ತರಗತಿಯಲ್ಲಿ ಈ ಭಾಗ ಮಾಡುವಾಗ ಹುಡುಗರು ಕೇಳುತ್ತಾರೆ: "ಸಾರ್, ಹಾಗಾದ್ರೆ ಬೇರು ಕೆಲಸ ಮಾಡ್ತೋ ಇಲ್ವೋ?" ಪಠ್ಯ ಇದಕ್ಕೆ ನೇರ ಉತ್ತರ ಕೊಡುವುದಿಲ್ಲ. ಇಂಥ ನಂಬಿಕೆ ಅಜ್ಞಾನಿ ಗುಲಾಮರದು ಎಂದು ಅಡಿಟಿಪ್ಪಣಿಯಲ್ಲಿ ಹೇಳುವ ಡಗ್ಲಾಸ್ ಕಥೆಯಿಂದ ಬೇರನ್ನು ಕಿತ್ತುಹಾಕುವುದಿಲ್ಲ. ಅದು ಜಾನ್ ಬೇರೇ ಎಂದೂ ಅವನು ಹೇಳಿಲ್ಲ. ಆ ನಂಟು ಕಲ್ಪಿಸಿದವರು ನಂತರದ ಓದುಗರು. ನನ್ನ ಓದಿನಲ್ಲಿ ಬೇರು ಕೋವಿಯನ್ನು ತಡೆಯಲಿಲ್ಲ. ಒಂಟಿಯಾಗಿ ಕಾಡು ಸೇರಿದ್ದ ಹುಡುಗನಿಗೆ ತನ್ನ ಜನದ ಒಬ್ಬ ಅನ್ನ ಕೊಟ್ಟ, ಹೊಡೆತ ತಪ್ಪಿಸಿಕೊಳ್ಳಬಹುದು ಎಂಬ ಮಾತು ಕೊಟ್ಟ. ಬೇರು ಆ ಮಾತಿನ ಗುರುತು. ಹೊಡೆದದ್ದು ಮಾತ್ರ ಡಗ್ಲಾಸನ ಕೈ.

ಹಾಗಂತ ಬೇರನ್ನು ಹೊತ್ತು ಮೆರೆಸುವ ಹಾಗೂ ಇಲ್ಲ. ಕೆಂಟಕಿಯ ಹೆನ್ರಿ ಬಿಬ್ 1849ರಲ್ಲಿ ಬರೆದ ಆತ್ಮಕಥನ ನೋಡಿ. ಮಾಟಗಾರನಿಗೆ ದುಡ್ಡು ಕೊಟ್ಟು ಕಹಿಬೇರು ತಂದ. ಅಗಿದು ಧಣಿಯ ಕಡೆ ಉಗುಳಬೇಕು. ಒಂದು ಸಲ ಏಟು ತಪ್ಪಿತು. ಆ ಧೈರ್ಯದಲ್ಲಿ ಮುಂದಿನ ಸಲ ಎದುರು ಮಾತಾಡಿದ, ಚೆನ್ನಾಗಿ ತಿಂದ. ಕೊನೆಗೆ ಬಿಬ್ ಕಂಡುಕೊಂಡದ್ದು, ಓಡಿಹೋಗುವುದೇ ನಿಜವಾದ ಮದ್ದು ಎಂದು.

1943ರಲ್ಲಿ ಜೋರಾ ನೀಲ್ ಹರ್ಸ್ಟನ್ 'ಅಮೆರಿಕನ್ ಮರ್ಕ್ಯುರಿ' ಪತ್ರಿಕೆಯಲ್ಲಿ ಈ ಜಾನ್‌ನ ಕಥೆ ಬರೆದರು. ಅವರ ಜಾನ್ ಆಫ್ರಿಕದಿಂದ ಗುಲಾಮರ ಜೊತೆ ಬಂದವನು, ನಗುವಿನಿಂದಲೇ ಧಣಿಯನ್ನು ಸೋಲಿಸುವವನು. ಬಿಡುಗಡೆಯಾದ ಮೇಲೆ ಮಣ್ಣಿಗೆ ಮರಳಿ ಬೇರಾದವನು. ಅಷ್ಟು ಹೊತ್ತಿಗೆ ಬೇರು ಪೇಟೆಯ ಸರಕೂ ಆಗಿತ್ತು. ಉತ್ತರದ ಶಹರಗಳಿಗೆ ಗುಳೆ ಹೋದ ಕಪ್ಪು ಜನರಿಗೆ ಅಂಚೆಯ ಮೂಲಕ ಬೇರು, ಎಣ್ಣೆ ಮಾರುವ ಕಂಪನಿಗಳು ಕಪ್ಪು ಜನರ ಪತ್ರಿಕೆಗಳಲ್ಲೇ ಜಾಹೀರಾತು ಕೊಟ್ಟವು. ಸಂಕಟದ ಕಾಲದ ಆಸರೆ ಪೊಟ್ಟಣದಲ್ಲಿ ಮಾರಾಟಕ್ಕೆ ನಿಂತಿತು.

ಇಲ್ಲಿಂದ ನಮ್ಮ ವಿಮರ್ಶೆಗೆ ಏನು ಸಿಗುತ್ತದೆ? ದಲಿತ ಚಳವಳಿಗೆ ವೈಚಾರಿಕತೆ ಹೊರಗಿನಿಂದ ಬಂದ ಅಲಂಕಾರವಲ್ಲ. 1956ರಲ್ಲಿ ಅಂಬೇಡ್ಕರ್ ನಾಗಪುರದಲ್ಲಿ ಬೋಧಿಸಿದ 22 ಪ್ರತಿಜ್ಞೆಗಳ ಹಿಂದೆ ದೇವರು-ದಿಂಡರ ಹೆಸರಿನಲ್ಲಿ ನರಳಿದ ಜನರ ಅನುಭವವಿದೆ. ಮಾಟದ ಅನುಮಾನದಲ್ಲಿ ಏಟು ತಿಂದವರಲ್ಲಿ ಕೇರಿಯ ಹೆಂಗಸರೂ ಇದ್ದಾರೆ. ಇದನ್ನು ಮರೆತು 'ದೇಸಿ' ಎಂದು ಕೊಂಡಾಡುವುದು ಮೇಲುಜಾತಿಯವರ ಚಪಲ. ಆದರೆ 'ಕುಸುಮಬಾಲೆ'ಯಲ್ಲಿ ದೇವನೂರ ಮಹಾದೇವ ಜೋತಮ್ಮಗಳನ್ನು ಕೂರಿಸಿ ಮಾತಾಡಿಸಿದಾಗ ಅದನ್ನು ಬರೀ ಮೌಢ್ಯವೆಂದೋ ಬರೀ ತಂತ್ರವೆಂದೋ ಓದಿದರೂ ತಪ್ಪುತ್ತೇವೆ.

ಬೇರೋ ತಾಯ್ತವೋ ದೇವರ ಮೈದುಂಬುವಿಕೆಯೋ ಪಠ್ಯದಲ್ಲಿ ಬಂದಾಗ ಕೆಲವು ಪ್ರಶ್ನೆ ಕೇಳಿಕೊಳ್ಳಬಹುದು. ಇದನ್ನು ಯಾರು ಯಾರಿಗೆ ಕೊಟ್ಟರು? ಇದಕ್ಕೆ ಹೆದರಿದವರು ಯಾರು? ಇದರಿಂದ ದುಡ್ಡು ಮಾಡಿಕೊಂಡವರು ಯಾರು? ಕಟ್ಟಿಕೊಂಡವನು ಮಾರನೆಯ ಬೆಳಿಗ್ಗೆ ಬಗ್ಗಿ ನಿಂತನೋ, ಎದ್ದು ನಿಂತನೋ? ಈ ಕೊನೆಯ ಪ್ರಶ್ನೆಗೆ ಸಿಗುವ ಉತ್ತರದ ಮೇಲೆ ಬೇರಿನ ಬೆಲೆ ಕಟ್ಟೋಣ.