ಪೆಟ್ಟಿಗೆ ಮೇಷ್ಟ್ರ ಕುರುಕ್ಷೇತ್ರ

ಮಾರ್ಚ್ ತಿಂಗಳ ಇಳಿಹೊತ್ತು. ಮಧುಗಿರಿಯ ಏಕಶಿಲಾ ಬೆಟ್ಟ ಕಣ್ಣಿಗೆ ಬೀಳುವಷ್ಟು ದೂರದಲ್ಲೊಂದು ಹಳ್ಳಿ. ರಾಗಿ ಒಕ್ಕಣೆ ಮುಗಿದು ಕಣಗಳೆಲ್ಲ ಖಾಲಿ. ಊರ ಮುಂದಿನ ಬಯಲಿಗೆ ಡ್ರಾಮಾ ಸೀನರಿಯ ಲಾರಿ ಬಂದು ನಿಂತಿದೆ. ಗಳ ನೆಟ್ಟು, ಹಲಗೆ ಹಾಸಿ, ಪರದೆಗಳನ್ನು ಇಳಿಬಿಡುತ್ತಿದ್ದಾರೆ. ಮುಂದಿನದು ದರ್ಬಾರು, ಅದರ ಹಿಂದೆ ಬೀದಿ, ಅದರ ಹಿಂದೆ ಕಾಡು. ರಸ್ತೆಬದಿಯ ಫ್ಲೆಕ್ಸಿನಲ್ಲಿ ಕಿರೀಟ ತೊಟ್ಟ ಊರಿನವರದೇ ಮುಖಗಳು. ಮೇಲೆ ದಪ್ಪ ಅಕ್ಷರದಲ್ಲಿ ‘ಕುರುಕ್ಷೇತ್ರ ಅಥವಾ ಧರ್ಮರಾಜ್ಯ ಸ್ಥಾಪನೆ’ ಎಂಬ ಪೌರಾಣಿಕ ನಾಟಕ. ಕೆಳಗೆ ಒಂದೇ ಸಾಲು, ‘ಸಂಗೀತ ಮತ್ತು ನಿರ್ದೇಶನ’. ಆ ಸಾಲಿಗೆ ಸೇರಿದವರು ವೇದಿಕೆಯ ಮಗ್ಗುಲಲ್ಲಿ ಹಾರ್ಮೋನಿಯಂ ಇಟ್ಟುಕೊಂಡು ಒಂದೊಂದೇ ಮನೆ ಒತ್ತಿ ನೋಡುತ್ತಿದ್ದಾರೆ. ಅವರೇ ಡ್ರಾಮಾ ಮೇಷ್ಟ್ರು. ಹಾರ್ಮೋನಿಯಂ ಅನ್ನು ಪೆಟ್ಟಿಗೆ ಎನ್ನುವುದರಿಂದ ಕೆಲವರ ಬಾಯಲ್ಲಿ ಪೆಟ್ಟಿಗೆ ಮೇಷ್ಟ್ರು.

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳದು ಕಲ್ಲುಬೆಟ್ಟ, ಬಯಲು, ಕಡಲೆಕಾಯಿ ಹೊಲಗಳ ಸೀಮೆ. ಮಳೆ ಕಡಿಮೆಯಾದರೂ ಹಾಡಿಗೆ ಬರವಿಲ್ಲ. ಶಿರಾ ಕಡೆಯ ಕಾಡುಗೊಲ್ಲರು ಗಣೆ ಎಂಬ ಕೊಳಲು ಊದುತ್ತ ತಮ್ಮ ದೈವ ಜುಂಜಪ್ಪನ ಕಾವ್ಯವನ್ನು ರಾತ್ರಿಯಿಡೀ ಹಾಡಬಲ್ಲರು. ಪಾವಗಡದ ಮೂರು ಕಡೆಗೂ ಆಂಧ್ರದ ನೆಲ. ತೆಲುಗು ಪದ್ಯನಾಟಕದ ಗಾಳಿ ಗಡಿ ಕೇಳದೆ ಒಳಗೆ ಬರುತ್ತದೆ. ಪಾವಗಡದಲ್ಲಿ ಶನಿಮಹಾತ್ಮನ ಗುಡಿಯಿದೆ. ಶನಿಪ್ರಭಾವದ ನಾಟಕವೆಂದರೆ ಜನಕ್ಕೆ ಕಥೆಯಷ್ಟೇ ಅಲ್ಲ, ಭಕ್ತಿ. ಇಂಥ ನೆಲದಲ್ಲಿ ಸುಗ್ಗಿ ಮುಗಿಯಿತೆಂದರೆ ಹಳ್ಳಿ ಹಳ್ಳಿಯಲ್ಲೂ ಒಂದು ನಾಟಕ ಮಂಡಳಿ ಏಳುತ್ತದೆ. ಏಳಿಸುವವರು ಮೇಷ್ಟ್ರು.

ಕೆಲಸ ಶುರುವಾಗುವುದು ಎರಡು ಮೂರು ತಿಂಗಳು ಮುಂಚೆ, ಗುಡಿಯ ಜಗಲಿಯಲ್ಲೋ ಶಾಲೆಯ ಕೋಣೆಯಲ್ಲೋ. ಎಮ್ಮೆ ಕರೆದು, ಹಾಲು ಡೈರಿಗೆ ಹಾಕಿ, ಉಂಡು ಬಂದವರು ಸಾಲಾಗಿ ಕೂರುತ್ತಾರೆ. ಮೊದಲ ದಿನ ಮೇಷ್ಟ್ರು ಪಾತ್ರದ ಮಾತೇ ಎತ್ತುವುದಿಲ್ಲ. ಒಬ್ಬೊಬ್ಬರಿಂದಲೂ ಒಂದೊಂದು ಪದ ಹಾಡಿಸುತ್ತಾರೆ. ಒಬ್ಬನ ಗಂಟಲು ಹಾರ್ಮೋನಿಯಂ ಮನೆಗಳಲ್ಲಿ ಕಪ್ಪು ಎರಡರ ಶ್ರುತಿಗೆ ಸಲೀಸು, ಇನ್ನೊಬ್ಬನದು ಬಿಳಿ ಒಂದು ದಾಟಿದರೆ ಒಡೆಯುತ್ತದೆ. ಅದೆಲ್ಲ ಅವರ ಕಿವಿಯಲ್ಲಿ ದಾಖಲಾಗುತ್ತದೆ.

ಪಾತ್ರ ಹಂಚುವ ದಿನ ನಿಜವಾದ ಪರೀಕ್ಷೆ. ನಾಟಕದ ಖರ್ಚು ಪಾತ್ರಧಾರಿಗಳ ಮೇಲೆಯೇ ಬೀಳುತ್ತದೆ. ದುರ್ಯೋಧನ, ಕೃಷ್ಣ, ಕರ್ಣ ಎಂದರೆ ಹೆಚ್ಚು ಹಣ, ದ್ವಾರಪಾಲಕನಿಗೆ ಕಡಿಮೆ. ಆಸೆಪಟ್ಟವರು ಇಬ್ಬರಿದ್ದರೆ ಮೊದಲ ಕೃಷ್ಣ, ಎರಡನೇ ಕೃಷ್ಣ ಎಂದು ಒಂದೇ ಪಾತ್ರವನ್ನು ಪಾಲು ಮಾಡಬೇಕು.

“ಮೇಷ್ಟ್ರೇ, ದುಡ್ ಎಷ್ಟಾದ್ರೂ ಆಗ್ಲಿ, ನಂಗೆ ಭೀಮನ್ನೇ ಕೊಡಿ” ಎನ್ನುತ್ತಾನೆ ಒಬ್ಬ.

“ಮೈಕಟ್ಟು ಭೀಮಂದೇ ಕಣಪ್ಪ. ಆದ್ರೆ ನಿನ್ ಗಂಟ್ಲು ಕರ್ಣಂದು. ಒಂದ್ ವಾರ ಹಾಡಿ ನೋಡು, ಆಮೇಲ್ ಹೇಳು.”

ವಾರ ಕಳೆಯುವಷ್ಟರಲ್ಲಿ ಅವನು ಕರ್ಣನೇ ಆಗಿರುತ್ತಾನೆ. ಹಣಕ್ಕೆ, ಮನೆತನಕ್ಕೆ, ಹಳೆಯ ಜಗಳಗಳಿಗೆ ಬಗ್ಗದೆ, ಯಾರ ಮನಸ್ಸನ್ನೂ ಮುರಿಯದೆ, ಸ್ವರಕ್ಕೆ ತಕ್ಕ ಪಾತ್ರ ಕೊಡುವುದು ದೊಡ್ಡ ಮುತ್ಸದ್ದಿತನ. ಪಂಚಾಯ್ತಿ ಚುನಾವಣೆಯಲ್ಲಿ ಎದುರುಬದುರಾಗಿ ನಿಂತವರು ಇಲ್ಲಿ ಪಾಂಡವರಾಗಿ ಒಂದೇ ಚಾಪೆಯ ಮೇಲೆ ಕೂರುವುದುಂಟು.

ಆಮೇಲೆ ತಾಲೀಮು. ಕಂದಪದ್ಯ ಎಲ್ಲಿ ಏರಬೇಕು, ಮಾತು ಎಲ್ಲಿ ನಿಂತು ಹಾಡಾಗಬೇಕು ಎಂಬುದನ್ನು ಮೇಷ್ಟ್ರು ಬಾಯಲ್ಲೇ ಹೇಳಿಕೊಡುತ್ತಾರೆ. ರಾಗದ ಹೆಸರು ಗೊತ್ತಿಲ್ಲದವನ ನಾಲಗೆಯ ಮೇಲೂ ಮೋಹನ, ಕಾಪಿ, ಭೀಮ್‌ಪಲಾಸ್ ಬಂದು ಕೂರುತ್ತವೆ. ಮನೆಯಲ್ಲಿ ತೆಲುಗು ಮಾತಾಡುವ ಪಾವಗಡದ ಹುಡುಗ ಕನ್ನಡದ ಒತ್ತಕ್ಷರಗಳನ್ನು ಅಗಿದು ಅಗಿದು ಶುದ್ಧ ಮಾಡಿಕೊಳ್ಳುತ್ತಾನೆ. ಓದು ಬಾರದ ಹಿರಿಯರೊಬ್ಬರು ಕೇಳಿ ಕೇಳಿಯೇ ಭೀಷ್ಮನ ಅಷ್ಟೂ ಮಾತನ್ನು ಎದೆಯಲ್ಲಿಟ್ಟುಕೊಳ್ಳುತ್ತಾರೆ. ನನ್ನ ಮಟ್ಟಿಗೆ ಇದು ಪಾಠಶಾಲೆ; ಇದಕ್ಕಿಂತ ಚೆನ್ನಾದ ವಯಸ್ಕರ ಶಾಲೆಯನ್ನು ನಾನು ಕಂಡಿಲ್ಲ.

ಈ ಪರಂಪರೆಯ ದೊಡ್ಡ ಮನೆ ಇದೇ ಜಿಲ್ಲೆಯ ಗುಬ್ಬಿಯಲ್ಲಿದೆ. ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಅಲ್ಲಿ ಹುಟ್ಟಿದ್ದು 1884ರಲ್ಲಿ. ಬಾಲನಟನಾಗಿ ಸೇರಿದ ಗುಬ್ಬಿ ವೀರಣ್ಣನವರು 1917ರಲ್ಲಿ ಅದರ ಒಡೆತನ ವಹಿಸಿಕೊಂಡರು. ‘ಸದಾರಮೆ’ಯಲ್ಲಿ ಕಳ್ಳನಾಗಿ ನಗಿಸಿದ ಅವರೇ ಕಂಪನಿಯ ನೂರಾರು ಜನರ ಊಟ, ಸಂಬಳ, ಪ್ರಯಾಣ, ಕ್ಯಾಂಪುಗಳ ಹೊಣೆ ಹೊತ್ತವರು. ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ಕ್ಕೆ ಜೀವಂತ ಆನೆ, ಕುದುರೆಗಳನ್ನು ರಂಗಕ್ಕೆ ತಂದರು. ರಾಜ್‌ಕುಮಾರ್, ನರಸಿಂಹರಾಜು, ಬಿ.ವಿ. ಕಾರಂತರಂಥವರು ಆ ಕಂಪನಿಯ ಅನ್ನ ಉಂಡು ಬೆಳೆದರು. 1972ರಲ್ಲಿ ವೀರಣ್ಣ ತೀರಿಕೊಂಡರು. ಅವರು ಕಟ್ಟಿದ ರುಚಿ ಮಾತ್ರ ಹಳ್ಳಿಗಳಲ್ಲಿ ಉಳಿಯಿತು: ದರ್ಬಾರು ಪರದೆ, ಜರಿಯ ಪೋಷಾಕು, ಹಾಡಿನಲ್ಲೇ ನಡೆಯುವ ಜಗಳ.

ಯುರೋಪಿನ ಒಪೆರಾ ಕಂಪನಿಗಳಲ್ಲಿ ಸಂಸ್ಥೆ ನಡೆಸುವವರು ಒಬ್ಬರು, ವಾದ್ಯವೃಂದ ನಡೆಸುವವರು ಇನ್ನೊಬ್ಬರು, ರಂಗದ ನಡೆ ತಿದ್ದುವವರು ಮತ್ತೊಬ್ಬರು. ನಮ್ಮಲ್ಲಿ ಮೂರೂ ಹೊಣೆ ಒಂದೇ ಪೆಟ್ಟಿಗೆಯ ಹಿಂದೆ. ವೀರಣ್ಣನವರಿಗೆ ವರ್ಷವಿಡೀ ಜೊತೆಗಿರುವ ಕಂಪನಿಯಿತ್ತು. ಮೇಷ್ಟ್ರು ಊರಿಗೊಂದು ಕಂಪನಿಯನ್ನು ಮೊದಲಿಂದ ಕಟ್ಟಬೇಕು.

ರಾತ್ರಿ ಒಂಬತ್ತು ದಾಟಿದೆ. ಬಯಲು ತುಂಬಿದೆ. ಚಾಪೆ, ಕಂಬಳಿ ಹಾಸಿಕೊಂಡು ಹೆಂಗಸರು ಮಕ್ಕಳು ಮುಂದೆ. ಕೊರಟಗೆರೆ, ಶಿರಾ ಕಡೆಯ ನೆಂಟರು ಬೈಕು, ಟೆಂಪೋಗಳಲ್ಲಿ ಬಂದು ಹಿಂದೆ. ಬೋಂಡದ ಬಾಣಲೆಯ ಹೊಗೆ, ಮಲ್ಲಿಗೆ, ಬಣ್ಣದ ಕೋಣೆಯ ಪೌಡರು, ಎಲ್ಲ ಬೆರೆತ ವಾಸನೆ. ಪರದೆಯ ಹಿಂದೆ ಪ್ರಾರ್ಥನೆ ಏಳುತ್ತದೆ. ತಬಲ ಸೇರುತ್ತದೆ, ಕೀಬೋರ್ಡ್ ಸೇರುತ್ತದೆ. ಹಾರ್ಮೋನಿಯಂ ಮುಂದೆ ನಡೆಯುತ್ತದೆ.

ಕೃಷ್ಣನ ಪ್ರವೇಶಕ್ಕೆ ಶಿಳ್ಳೆ. ಆ ಹೊತ್ತಿಗೆ ಪಾತ್ರಧಾರಿಯ ಮಾವನ ಕಡೆಯವರು ಹಾರ, ಮುಯ್ಯಿ ಹಿಡಿದು ವೇದಿಕೆ ಹತ್ತುತ್ತಾರೆ. ಮೈಕಿನಲ್ಲಿ ಹೆಸರು, ಊರು, ಮೊತ್ತ ಓದುತ್ತಾರೆ. ದ್ವಾರಕೆ ಅಷ್ಟು ಹೊತ್ತು ಕಾಯಬೇಕು. ಮೇಷ್ಟ್ರ ಬೆರಳು ಮಾತ್ರ ಶ್ರುತಿಯ ಮನೆ ಬಿಟ್ಟಿರುವುದಿಲ್ಲ. ಮುಯ್ಯಿ ಮುಗಿದ ಕ್ಷಣ ಅವರು ಪದ್ಯದ ಮೊದಲ ಸ್ವರ ಎತ್ತಿಕೊಡುತ್ತಾರೆ. ಅಳಿಯ ಮತ್ತೆ ಕೃಷ್ಣನಾಗುತ್ತಾನೆ. ಯಾರಾದರೂ ಮಾತು ಮರೆತರೆ ತುಟಿ ಅಲ್ಲಾಡಿಸಿ ನೆನಪು ಕೊಡುತ್ತಾರೆ. ಸ್ವರ ಜಾರಿದರೆ ಪೆಟ್ಟಿಗೆಯ ದನಿ ಏರಿಸಿ ಹಾಡುಗಾರನನ್ನು ಕೈಹಿಡಿದು ನಡೆಸುತ್ತಾರೆ.

ನಡುರಾತ್ರಿ ದಾಟಿ ಕರ್ಣ–ಕುಂತಿಯರ ಭೇಟಿ. ಕುಂತಿ, ದ್ರೌಪದಿಯರು ತುಮಕೂರಿನಿಂದ ಬಂದ ವೃತ್ತಿ ಕಲಾವಿದೆಯರು. ಒಂದು ದಿನವೂ ಈ ಊರವರ ಜೊತೆ ತಾಲೀಮು ಮಾಡದೆ, ಮೇಷ್ಟ್ರ ಸನ್ನೆಯ ಮೇಲೇ ನಂಬಿಕೆಯಿಟ್ಟು ಹಾಡುವವರು. ಭೀಮನ ಪಾತ್ರ ಕೇಳಿದ್ದವನು ಈಗ ತಾಯಿಯ ಮುಂದೆ ಮಂಡಿಯೂರಿದ್ದಾನೆ. ಅವನ ನಿಜವಾದ ತಾಯಿ ಮುಂದಿನ ಸಾಲಿನಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. ಊರುಭಂಗವಾಗುವಾಗ ಮೂಡಲು ಕೆಂಪಾಗಿರುತ್ತದೆ. ಎಂಟೊಂಬತ್ತು ಗಂಟೆ ಕೂತಲ್ಲಿಂದ ಏಳದ ಬೆನ್ನು ಮೇಷ್ಟ್ರದ್ದು.

ಈಚೆಗೆ ಎಲ್.ಇ.ಡಿ. ಪರದೆ ಬಂದಿದೆ, ರಿದಮ್ ಪ್ಯಾಡ್ ಬಂದಿದೆ. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಹರಡಿದೆ. ಹೊಲದ ದುಡಿಮೆಯ ರೀತಿ ಬದಲಾಗಿದೆ. ಹುಡುಗರು ಬೆಂಗಳೂರಿನಲ್ಲಿದ್ದಾರೆ. ಆದರೂ ನಾಟಕವೆಂದರೆ ರಜೆ ಹಾಕಿ ಬರುತ್ತಾರೆ, ಫೋನಿನಲ್ಲಿ ಹಾಡು ಕಲಿಯುತ್ತಾರೆ, ಪಾತ್ರಕ್ಕೆ ಹಣ ಹೊಂದಿಸುತ್ತಾರೆ. ದುರ್ಯೋಧನನಾಗಲು ಸಾಲು ನಿಲ್ಲುವಷ್ಟು ಜನರಿದ್ದಾರೆ. ಪೆಟ್ಟಿಗೆಯ ಮುಂದೆ ಕೂತು ಇಡೀ ಊರನ್ನು ಒಂದು ಶ್ರುತಿಗೆ ತರುವ ವಿದ್ಯೆ ಕಲಿಯಲು ಅಂಥ ಸಾಲಿಲ್ಲ. ಮೇಷ್ಟ್ರ ಸಂಭಾವನೆಯೂ ಅಂಥ ಆಸೆ ಹುಟ್ಟಿಸುವಂಥದ್ದಲ್ಲ.

ಹಾಗಾಗಿ ನಾಟಕ ಕಟ್ಟುವ ಪ್ರತಿ ಊರೂ ಒಂದು ಪಾತ್ರ ಹೆಚ್ಚಿಗೆ ಸೇರಿಸಲಿ ಎಂಬುದು ನನ್ನ ಕೋರಿಕೆ. ಅದು ಮೇಷ್ಟ್ರ ಪಕ್ಕದಲ್ಲಿ ಕೂತು ಪೆಟ್ಟಿಗೆ ಕಲಿಯುವವರ ಪಾತ್ರ. ಊರಿನ ಒಬ್ಬ ಹುಡುಗನಿರಲಿ, ಹುಡುಗಿಯಿರಲಿ, ತಾಲೀಮಿನ ಮೊದಲ ದಿನದಿಂದ ಅಲ್ಲಿ ಕೂರಲಿ; ಅವರ ಪಾಲಿನ ಹಣವನ್ನು ದುರ್ಯೋಧನ, ಕೃಷ್ಣ, ಕರ್ಣರು ಹಂಚಿಕೊಂಡು ಕೊಡಲಿ. ಒಂದು ಕಿರೀಟದ ಬಾಡಿಗೆಗಿಂತ ಅದು ಹೆಚ್ಚಾಗದು. ಮುಂದಿನ ಐವತ್ತು ವರ್ಷದ ಕುರುಕ್ಷೇತ್ರ ಅದರಿಂದ ಉಳಿಯುತ್ತದೆ.